ಮಡಿ ಸ್ವಿಚ್ಚು

ಗುರುವಾರ, ೩೦ ಜೂನ್ ೧೯೩೮

ಹೊರಗೆ ಕೂತಿದ್ದೇನೆ. ನಾಳೆಯೂ ಇಲ್ಲೇ, ನಾಡಿದ್ದೂ ಇಲ್ಲೇ. ಅಡಿಗೆಮನೆಯ ಹಿಂದಿನ ಪಡಸಾಲೆಯಲ್ಲಿ ನನಗೊಂದು ಚಾಪೆ, ಒಂದು ಕಂಬಳಿ, ಒಂದು ತಂಬಿಗೆ. ಸ್ನಾನವಾಗುವವರೆಗೆ ಯಾರನ್ನೂ ಮುಟ್ಟುವಂತಿಲ್ಲ, ಹೊಸಿಲು ದಾಟುವಂತಿಲ್ಲ. ಅತ್ತೆ ಅನ್ನವನ್ನು ಎತ್ತರದಿಂದ ಎಲೆಗೆ ಬೀಳಿಸಿ ಹೋಗುತ್ತಾರೆ. ಕೈಗೆ ಕೆಲಸವಿಲ್ಲದಿದ್ದರೆ ನನ್ನ ತಲೆ ಸುಮ್ಮನಿರುವುದಿಲ್ಲ, ಇಲ್ಲದ್ದನ್ನೆಲ್ಲ ಹೊತ್ತು ತಂದು ಎದುರಿಗೆ ನಿಲ್ಲಿಸುತ್ತದೆ. ಅದಕ್ಕೇ ಬರೆಯುತ್ತಿದ್ದೇನೆ. ಈ ದಿನಗಳಲ್ಲಿ ಅಕ್ಷರ ಮುಟ್ಟಬಾರದೆಂದು ಗೊತ್ತು. ಆದರೆ ಇದು ಪುಸ್ತಕವಲ್ಲ, ಇವರು ಆಫೀಸಿನಿಂದ ತಂದ ಒಂದು ಮಗ್ಗುಲು ಬರೆದ ಹಾಳೆಗಳು. ಮೂರನೇ ಇಯತ್ತೆಯನ್ನು ಅರ್ಧಕ್ಕೆ ಬಿಟ್ಟವಳ ಅಕ್ಷರವನ್ನು ಸರಸ್ವತಿ ಅಕ್ಷರವೆಂದು ಹಿಡಿಯುತ್ತಾಳೋ ಇಲ್ಲವೋ. ಹಿಡಿದರೆ ಏನು ಗತಿ?

ಆಷಾಢಿ ಯಾತ್ರೆಯ ಪಾಲಖಿ ಈ ಮರಾಠಿ ಊರು ದಾಟಿ ಸಾಸವಡದ ದಾರಿ ಹಿಡಿದ ದಿನದಿಂದ ಮಳೆ ಬಿಟ್ಟಿಲ್ಲ. ಅತ್ತೆಯ ಮಡಿಸೀರೆ ಒಣಗುವುದೇ ಇಲ್ಲ. ಯಾರ ಕೈಯೂ ತಾಗಬಾರದೆಂದು ಅದನ್ನು ಕೋಲಿನಿಂದ ಎತ್ತಿ ಮೇಲಿನ ಗಳಕ್ಕೆ ಹಾಕುತ್ತಾರೆ. ಬೆಳಿಗ್ಗೆ ಸ್ನಾನ ಮಾಡಿ ಅದೇ ಕೋಲಿನಿಂದ ಇಳಿಸಿ, ನೀರು ತೊಟ್ಟಿಕ್ಕುವ ಸೀರೆಯನ್ನೇ ಉಟ್ಟು ಒಲೆಯ ಮುಂದೆ ಕೂಡುತ್ತಾರೆ. ಮಾವ ತೀರಿಕೊಂಡಾಗಿನಿಂದ ಹೀಗೇ ನಡೆದಿದೆಯಂತೆ.

ಇವತ್ತು ಅವರ ಸೆರಗಿಗೆ ಬೆಂಕಿ ಹತ್ತಿತು.

ನಮ್ಮ ಅಡಿಗೆಮನೆಗೆ ಕಿಟಕಿಯಿಲ್ಲ. ಒಲೆಯ ಮಗ್ಗುಲಿನ ಹಲಗೆಯ ಮೇಲೆ ಒಂದು ಎಣ್ಣೆದೀಪ, ಅಷ್ಟೇ. ಅತ್ತೆಯ ಕಣ್ಣಿಗೆ ಪರೆ ಬಂದಿದೆ. ಉಪ್ಪಿನ ಗಡಿಗೆ ತಡಕಾಡುವಾಗ ಸೆರಗು ದೀಪದ ಮೇಲೆ ಹೋಯಿತು. ಬಾಗಿಲಲ್ಲಿ ಕೂತವಳಿಗೆ ನನಗೆ ಕಂಡಿತು. ಚೀರಿದೆ. ಎದ್ದು ಹೊಸಿಲ ತನಕ ಹೋದೆ, ಅಲ್ಲೇ ನಿಂತೆ, ಮತ್ತೆ ಚೀರಿದೆ. ಸೀರೆ ಒದ್ದೆಯಿದ್ದದ್ದಕ್ಕೆ ಉರಿಯದೆ ಹೊಗೆಯಾಡಿತು. ಅತ್ತೆ ಅಂಗೈಯಿಂದ ತಿಕ್ಕಿ ಆರಿಸಿಕೊಂಡರು.

“ಚೀರಿದ್ರ ಬೆಂಕಿ ಹೆದರಿ ಓಡಿಹೋಗ್ತದೇನ?” ಎಂದರು. ಅವರ ಕೈ ನೋಡಲು ನನಗೆ ಧೈರ್ಯವಾಗಲಿಲ್ಲ.

ರವಿವಾರ, ೩ ಜುಲೈ

ಸ್ನಾನವಾಗಿ ಒಳಗೆ ಬಂದೆ. ಇವತ್ತು ಎಲ್ಲರೂ ಮನೆಯಲ್ಲಿದ್ದರು. ಸೆರಗಿನ ಸುದ್ದಿ ಕೇಳಿ ಇವರು, ಅಡಿಗೆಮನೆಗೂ ಕರೆಂಟಿನ ದೀಪ ಹಾಕಿಸೋಣವೆಂದರು. ಮನೆಯ ಮಾಲಕರು ಹೋದ ವರ್ಷ ಮುಂದಿನ ಖೋಲಿಗೆ ಒಂದು ಬಲ್ಬು, ಬಾಗಿಲ ಹತ್ತಿರ ಒಂದು ಸ್ವಿಚ್ಚು ಹಾಕಿಸಿದ್ದಾರೆ. ಅದರ ಮಗ್ಗುಲಿಗೇ ಇನ್ನೊಂದು ಸ್ವಿಚ್ಚು ಕೂಡಿಸಿದರೆ ಆಯಿತು ಎಂದ ಮೈದುನ ದಿಗಂಬರ. ಟೈಪ್‌ರೈಟರು ರಿಪೇರಿ ಮಾಡುವ ಅಂಗಡಿಯಲ್ಲಿರುವುದರಿಂದ ತಿರುಪು ಇರುವುದೆಲ್ಲ ತನ್ನ ಸ್ವತ್ತೆಂದು ಅವನ ಲೆಕ್ಕ.

ಅತ್ತೆ ಒಪ್ಪಲಿಲ್ಲ.

“ಆ ಸ್ವಿಚ್ಚ ಯಾರ್ಯಾರು ಮುಟ್ಟತಾರ? ಹಜಾಮತಿ ಮಾಡಿಸಿಕೊಂಡು ಬಂದಂವಾ ಮುಟ್ಟತಾನ, ಹೋಟೆಲಿನ್ಯಾಗ ತಿಂದು ಬಂದಂವಾ ಮುಟ್ಟತಾನ. ಮಡೀಲಿದ್ದಾಕಿ ನಾ ಹೆಂಗ ಮುಟ್ಟಲಿ?”

“ನೀ ಮುಟ್ಟಬ್ಯಾಡವಾ. ನಾವ ಹಾಕಿ ಕೊಡ್ತೀವಿ,” ಎಂದ ದಿಗಂಬರ.

“ನಾ ನಸುಕಿನ್ಯಾಗ ಏಳ್ತೀನಿ. ನಿನ್ನ ಎಬ್ಬಸೋದ್ರಾಗ ಸೂರ್ಯನ ಬಂದು ದೀಪ ಹಚ್ಚಿ ಹೋಗ್ತಾನ.”

ಇವರು ನಕ್ಕರು. ಅತ್ತೆ ನಗಲಿಲ್ಲ. “ಪ್ರಲ್ಹಾದಾ, ಹಾಕಸೋದಿದ್ರ ಅಡಗೀಮನ್ಯಾಗ ನನಗ ಬ್ಯಾರೇ ಸ್ವಿಚ್ಚ ಹಾಕಸು. ಅದನ್ನ ನಾ ಒಬ್ಬಾಕೀನ ಮುಟ್ಟಾಕಿ. ಈಕಿ ಸೈತ ಮುಟ್ಟಬಾರದು.”

ಈಕಿ ಎಂದರೆ ನಾನು. ನಾನು ಯಾಕೆ ಮುಟ್ಟಲಿ? ಮುಂದಿನ ಖೋಲಿಯದನ್ನೇ ಇವತ್ತಿನ ತನಕ ಮುಟ್ಟಿದವಳಲ್ಲ. ಆದರೆ ಅವರು ಮುಟ್ಟುವುದು ಒದ್ದೆ ಕೈಯಿಂದ, ಒದ್ದೆ ಸೀರೆಯಲ್ಲಿ, ಒದ್ದೆ ಕಲ್ಲಿನ ಮೇಲೆ ನಿಂತು. ಎಲ್ಲಿಯೋ ಮಳೆಯಲ್ಲಿ ಎಮ್ಮೆಯೊಂದು ಕರೆಂಟಿನ ತಂತಿಗೆ ತಾಗಿ ನಿಂತಲ್ಲೇ ಸತ್ತಿತಂತೆ, ಮೇಲಿನ ಮನೆಯ ಕಾಕು ಹೇಳಿದ್ದರು. ನಿಂತಲ್ಲೇ ಎಂಬುದು ನನ್ನ ಮನಸ್ಸಿನಿಂದ ಹೋಗುವುದಿಲ್ಲ. ಇವರೊಬ್ಬರೇ ಇದ್ದಾಗ, “ಒದ್ದೀ ಕೈಲೆ ಮುಟ್ಟಬಾರದಂತಲ್ರಿ?” ಎಂದೆ. “ದಿಗಂಬರಗ ಎಲ್ಲಾ ಗೊತ್ತದ. ನೀ ಸುಮ್ಮನಿರು,” ಎಂದರು.

ಇವರು ಹೇಳಿದ ಮೇಲೆ ಸರಿಯೇ ಇರಬೇಕು.

ಬುಧವಾರ, ೬ ಜುಲೈ

ದಿಗಂಬರ ಬೆಳ್ಳಗಿನ ಪಿಂಗಾಣಿ ಸ್ವಿಚ್ಚು ತಂದ. ಚೆಂದವಿತ್ತು, ಮೊಸರಿನ ಬಟ್ಟಲು ಬೋರಲು ಹಾಕಿದ ಹಾಗೆ. ಅತ್ತೆ ದೂರದಿಂದಲೇ ಮುಖ ತಿರುಗಿಸಿದರು.

“ಇದು ಇರಾಣಿ ಹೋಟೆಲಿನ ಕಪ್ಪಿನ ಜಾತಿ. ನನ್ನ ಅಡಗೀಮನೀಗೆ ತರಬ್ಯಾಡ.”

“ಮತ್ತ ಬಂಗಾರದ್ದು ತರಲೇನವಾ?”

“ಹಿತ್ತಾಳೀದು ಸಿಗೂದಿಲ್ಲೇನು? ಹಿತ್ತಾಳಿ ಆದ್ರ ಹುಣಸೀಹುಳೀಲೆ ತಿಕ್ಕಿದ್ರ ಶುದ್ಧ ಆಗ್ತದ.”

ಅವನು ನಗುತ್ತ ಹೋದ. ಸಂಜೆ ಜೂನಾ ಬಜಾರದಿಂದ ಹಳೆಯದೊಂದನ್ನು ಹುಡುಕಿ ತಂದ. ದುಂಡಗೆ, ಮೇಲೆ ಹಿತ್ತಾಳೆಯ ಟೊಪ್ಪಿಗೆ, ನಡುವೆ ಮೇಲೆ ಕೆಳಗೆ ಮಾಡುವ ಪುಟ್ಟ ಕಡ್ಡಿ. ಅತ್ತೆಗೆ ಮನಸ್ಸಿಗೆ ಬಂತು. ಹಿತ್ತಾಳೆಯಲ್ಲಿ ಕರೆಂಟು ಹರಿಯುವುದಿಲ್ಲವೇ ಎಂದು ಕೇಳಿದೆ.

“ಒಳಗೆಲ್ಲಾ ಪಿಂಗಾಣೀನ ಅದ ವೈನಿ. ಮ್ಯಾಲಿನ ಟೊಪಗಿ ಅಷ್ಟ ಹಿತ್ತಾಳಿ,” ಎಂದು ದನಿ ತಗ್ಗಿಸಿದ. “ಅವ್ವಗ ಹೇಳಬ್ಯಾಡ್ರಿ ಮತ್ತ.”

ಈಗ ಇದೂ ಒಂದು ನನ್ನ ತಲೆಯ ಮೇಲೆ.

ಗುರುವಾರ, ೭ ಜುಲೈ

ದಿಗಂಬರ ಅರ್ಧ ದಿನ ರಜೆ ಹಾಕಿ ಬಂದು ಕೆಲಸಕ್ಕೆ ಕೂತ. ನಾನು ಅವನ ಹಿಂದೆಯೇ. ಮೊದಲು ಮೀಟರಿನ ಹತ್ತಿರದ ದೊಡ್ಡ ಹಿಡಿಕೆಯನ್ನು ಕೆಳಗೆಳೆದ. ಇದನ್ನು ಎಳೆದರೆ ಮನೆಯೊಳಗೆ ಕರೆಂಟು ಬರುವುದಿಲ್ಲವಂತೆ, ಅದಕ್ಕೆ ಮೇನ್ ಎನ್ನುತ್ತಾರೆ. ಖರೆ ಬರುವುದಿಲ್ಲವೇ ಎಂದು ಮೂರು ಸಲ ಕೇಳಿದೆ.

“ಒಂದು ವೇಳೆ ಯಾರರೆ ಹಿಡಕೊಂಡು ಬಿಟ್ರ?”

“ಅವರನ್ನ ಮುಟ್ಟಬಾರದು. ಮುಟ್ಟಿದ್ರ ನೀವೂ ಅಂಟಿಕೊಳ್ತೀರಿ. ಒಣಾ ಕಟಗೀ ತಗೊಂಡು ಹೊಡದು ಬಿಡಸಬೇಕು.”

“ಹೊಡದು?”

“ಹೂಂ, ಜೋರಾಗಿ. ಯಾಕ ವೈನಿ, ಯಾರಿಗೆ ಹೊಡೀಬೇಕಂತ ಮಾಡೀರಿ?” ಎಂದು ಕಣ್ಣಿನಿಂದಲೇ ಅಡಿಗೆಮನೆಯ ಕಡೆ ತೋರಿಸಿದ. ನನಗೆ ಎಷ್ಟು ಗಾಬರಿಯಾಯಿತೆಂದರೆ ಎದ್ದು ಹೋಗಿ ಅಕ್ಕಿ ಆರಿಸುತ್ತ ಕೂತೆ.

ಮುಂದಿನ ಖೋಲಿಯ ಸ್ವಿಚ್ಚಿನಿಂದ ತಂತಿ ಕಟ್ಟಿ, ಬಾಗಿಲ ಮೇಲೆ ತೂತು ಮಾಡಿ, ಕಟ್ಟಿಗೆಯ ಪಟ್ಟಿಗೆ ಬಡಿಯುತ್ತ ಒಳಗೆ ತಂದ. ನೀರಿನ ಹಂಡೆಗಳ ಮೇಲಿನ ಗೋಡೆಗೆ ಹಿತ್ತಾಳೆಯ ಸ್ವಿಚ್ಚು ಕೂಡಿಸಿದ. ಸಂಜೆಗೆ ದೀಪ ಬಂತು. ಅತ್ತೆ ಸುತ್ತ ನೋಡಿದರು, ಮೇಲೆ ನೋಡಿದರು. “ಜೇಡರ ಬಲಿ ಎಷ್ಟು ಕಟ್ಟ್ಯಾವ! ಇಷ್ಟ ದಿವಸ ನಾ ಇದರಾಗ ಅಡಗೀ ಮಾಡೇನಿ?” ಎಂದರು. ಅವರ ಮುಖದಲ್ಲಿ ಅಂಥ ಸಂತೋಷವನ್ನು ನಾನು ಮದುವೆಯಾದಾಗಿನಿಂದ ಕಂಡಿರಲಿಲ್ಲ.

ಅಷ್ಟರಲ್ಲಿ ಇವರು ಮುಂದಿನ ಖೋಲಿಯ ದೀಪ ಆರಿಸಿದರು. ಅಡಿಗೆಮನೆಯದೂ ಆರಿತು.

ಕತ್ತಲೆಯೊಳಗಿಂದ ಅತ್ತೆಯ ದನಿ ಬಂತು. “ಅಂದ್ರ ನನ್ನ ಸ್ವಿಚ್ಚಿಗೆ ನಿಮ್ಮ ಸ್ವಿಚ್ಚಿನ ಅಪ್ಪಣಿ ಬೇಕೇನು?”

ದಿಗಂಬರ ತಲೆ ಕೆರೆದುಕೊಂಡ. ಹೊರಗಿನ ಸ್ವಿಚ್ಚಿನಲ್ಲಿ ಕರೆಂಟು ಬರುವ ಬಾಯಿಗೆ ಕಟ್ಟಬೇಕಾದ ತಂತಿಯನ್ನು ದೀಪಕ್ಕೆ ಹೋಗುವ ಬಾಯಿಗೆ ಕಟ್ಟಿದ್ದನಂತೆ. ತಪ್ಪು ಎಲ್ಲಿದೆಯೆಂದು ತಿಳಿಯದೆ ಮೊದಲು ಒಳಗಿನದನ್ನೂ ಬಿಚ್ಚಿದ. ನಾಳೆ ಏಕಾದಶಿ, ಅಷ್ಟರೊಳಗೆ ಆಗಲೇಬೇಕೆಂದು ಅತ್ತೆಯ ಅವಸರ. ಕಂದೀಲು ಹಿಡಿದು ನಿಂತವರು ಇವರು, ತೂಕಡಿಸುತ್ತ. ಮರಳಿ ಮುಚ್ಚುವಾಗ ಹಿತ್ತಾಳೆಯ ಟೊಪ್ಪಿಗೆ ಸರಿಯಾಗಿ ಕೂರಲಿಲ್ಲ. ಅಂಗೈಯಿಂದ ಗುದ್ದಿ, ತಿರುವಿ ಕೂಡಿಸಿದ. ಗುದ್ದಿದರೆ ಕೂಡುವ ಸಾಮಾನೇ ಅದು? ಕೇಳಬೇಕೆಂದೆ. ಕೇಳಲಿಲ್ಲ.

ಶನಿವಾರ, ೯ ಜುಲೈ

ಅತ್ತೆ ಸ್ವಿಚ್ಚು ತೊಳೆದರು.

ದ್ವಾದಶಿಯ ಅಡಿಗೆಗೆ ಮೊದಲು ಹುಣಸೆಹಣ್ಣು ಹಚ್ಚಿ ತಿಕ್ಕಿ, ಚೊಂಬಿನಿಂದ ಮೂರು ಸಲ ನೀರು ಸುರಿದರು. ನೀರು ಗೋಡೆಯ ಮೇಲೆ ಇಳಿಯಿತು. “ಅತ್ಯಾ, ನೀರು…” ಎಂದೆ.

“ದಿಗಂಬರನ ಕೈ, ಜೂನಾ ಬಜಾರದಾಂವನ ಕೈ, ಅದರ ಹಿಂದ ಇನ್ನ ಯಾರ ಕೈಯೋ. ತೊಳೀದ ಹೆಂಗ ಬಿಡ್ಲಿ? ನಿಂತು ನೋಡಬ್ಯಾಡ, ತುಳಸಿ ತಾ.”

ತುಳಸಿ ತಂದುಕೊಟ್ಟೆ. ಬೇರೆ ಏನು ಮಾಡಲಿ?

ಸೋಮವಾರ, ೧೮ ಜುಲೈ

ಏನೂ ಆಗಿಲ್ಲ. ಇದೇ ನನ್ನನ್ನು ತಿನ್ನುತ್ತಿದೆ. ದಿನಾ ನಸುಕಿನಲ್ಲಿ ಟಕ್ ಎಂಬ ಸಪ್ಪಳಕ್ಕೆ ಹಾಸಿಗೆಯಲ್ಲೇ ಉಸಿರು ಹಿಡಿಯುತ್ತೇನೆ. ಆಮೇಲೆ ಪಾತ್ರೆಯ ಸಪ್ಪಳ ಬಂದರೆ ಉಸಿರು ಬಿಡುತ್ತೇನೆ.

ಅತ್ತೆ ಬಲಗೈ ಬೆರಳಿಗೆ ಎಣ್ಣೆ ಹಚ್ಚಿಕೊಳ್ಳುತ್ತಿದ್ದಾರೆ. “ಜೋಮು ಹಿಡೀತದ. ವಯಸ್ಸಾತಲ್ಲ,” ಎನ್ನುತ್ತಾರೆ. ಎಡಗೈಗೆ ವಯಸ್ಸಾಗಿಲ್ಲವೇ? ಇವರಿಗೆ ಹೇಳಿದೆ, ಮಳೆಗಾಲದ ವಾತ ಎಂದರು. ದಿಗಂಬರನಿಗೆ ಹೇಳಿದೆ. “ವೈನಿ, ನಿಮಗ ಕನಸಿನ್ಯಾಗೂ ಕರೆಂಟ ಹೊಡೀತದ. ಅದಕ್ಕ ಬಿಲ್ಲು ಯಾರು ಕಟ್ಟಬೇಕು?” ಎಂದ. ಎಲ್ಲರಿಗೂ ನಗೆ.

ಶುಕ್ರವಾರ, ೨೨ ಜುಲೈ

ಕೇಳಿಬಿಟ್ಟೆ. ಹೇಗೆ ಕೇಳಿದೆನೋ ಗೊತ್ತಿಲ್ಲ. “ಸ್ವಿಚ್ಚ ಮುಟ್ಟಿದಾಗ ಕೈ ಜುಂ ಅಂತದೇನ್ರಿ ಅತ್ಯಾ?”

ಅತ್ತೆ ಒಲೆಯ ಕಡೆಗೇ ಮುಖ ಮಾಡಿ ಕೂತಿದ್ದರು. ಈಗ ಬೈಗಳು ಬರುತ್ತದೆಂದು ಗೋಡೆಗೆ ಸರಿದು ನಿಂತೆ.

“ಯಾರ ಮುಂದನೂ ಅನಬ್ಯಾಡ,” ಎಂದರು. “ಅಂದಿ ಅಂದ್ರ ಕಿತ್ತು ಒಗೀತಾರ. ಮತ್ತ ನಾ ಕತ್ತಲ್ಯಾಗ ಕೂಡಬೇಕು.”

“ಏನರೆ ಆದ್ರ?”

“ಕಣ್ಣು ಹೆಂಗೂ ಹೊಂಟಾವ. ಹೋಗೂ ತನಕಾ ಒಂದೀಟು ನೋಡ್ಲಿ ಬಿಡು. ಅನ್ನ ಬೆಂದದ್ದು ಕಾಣಸ್ತದ ನನಗೀಗ. ನೀ ಮಾಡಿ ಹಾಕಿದ್ದು ಉಣ್ಣೂ ಹಂಗ ಆಗಬಾರದು, ಅಷ್ಟ.”

ಕೊನೆಯ ಮಾತು ಚುಚ್ಚಿತು. ಆದರೂ ಯಾರಿಗೂ ಹೇಳಲಿಲ್ಲ. ಹೇಳಿದರೆ ಅವರ ದೀಪ ಹೋಗುತ್ತದೆ, ಹೇಳದಿದ್ದರೆ ಅವರೇ… ಬರೆಯಬಾರದು ಇದನ್ನು.

ಶುಕ್ರವಾರ, ೨೯ ಜುಲೈ

ನಿನ್ನೆಯದನ್ನು ಇವತ್ತು ಬರೆಯುತ್ತಿದ್ದೇನೆ.

ನಿನ್ನೆಯಿಂದ ನಾನು ಮತ್ತೆ ಹೊರಗೆ. ನಿನ್ನೆ ಶ್ರಾವಣದ ಮೊದಲ ದಿನ. ಇವರೂ ದಿಗಂಬರನೂ ಕೆಲಸಕ್ಕೆ ಹೋಗಿದ್ದರು. ಅತ್ತೆ ಒದ್ದೆ ಸೀರೆಯಲ್ಲಿ ಬಂದು ಟಕ್ಕೆಂದು ದೀಪ ಹಾಕಿದರು. ಆಮೇಲೆ ತಿಕ್ಕುವ ಸಪ್ಪಳ. ಶ್ರಾವಣವೆಂದು ದೇವರ ಉಪಕರಣಗಳ ಜೊತೆ ಸ್ವಿಚ್ಚಿಗೂ ಹುಣಸೆಹಣ್ಣು ಹಚ್ಚಿದ್ದರು. ನಾನು ಚಾಪೆಯ ಮೇಲೆ ಬತ್ತಿ ಸಹ ಹೊಸೆಯುವಂತಿಲ್ಲದೆ ಸುಮ್ಮನೆ ಕೂತಿದ್ದೆ. ಸಪ್ಪಳ ನಿಂತಿತು.

“ಅತ್ಯಾ?” ಎಂದೆ.

ಅವರ ಗಂಟಲಿನಿಂದ ಒಂದು ಸದ್ದು ಮಾತ್ರ, ಮುಚ್ಚಿದ ಪಾತ್ರೆಯಲ್ಲಿ ನೀರು ಕುದ್ದ ಹಾಗೆ. ಬಗ್ಗಿ ನೋಡಿದೆ. ಹಿತ್ತಾಳೆಯ ಟೊಪ್ಪಿಗೆಯನ್ನು ಇಡಿಯಾಗಿ ಮುಷ್ಟಿಯಲ್ಲಿ ಹಿಡಿದಿದ್ದರು. ಬಿಡಲು ಆಗುತ್ತಿರಲಿಲ್ಲ. ಕೆಂಪು ಸೀರೆ ಮೇಲಿನಿಂದ ಕೆಳಗಿನ ತನಕ ನಡುಗುತ್ತಿತ್ತು. ಕಣ್ಣು ನನ್ನ ಕಡೆಗೇ ಇತ್ತು.

ಆಮೇಲಿನದು ನನಗೆ ತುಂಡು ತುಂಡಾಗಿ ನೆನಪಿದೆ. ನಾನು ಒಳಗಿದ್ದೆ. ಗೋಡೆಗೆ ಒರಗಿಸಿದ ಮಡಿಕೋಲು ನನ್ನ ಕೈಯಲ್ಲಿತ್ತು. ಅತ್ತೆಯ ತೋಳಿನ ಮೇಲೆ ಹೊಡೆದೆ. ಮೊದಲ ಏಟು ಮೆಲ್ಲಗೆ ಬಿತ್ತು, ಎಷ್ಟೆಂದರೂ ಅತ್ತೆಯಲ್ಲವೇ. ಕೈ ಬಿಡಲಿಲ್ಲ. ಎರಡನೆಯದನ್ನು ಕಣ್ಣು ಮುಚ್ಚಿ, ಇದ್ದ ಬದ್ದ ಶಕ್ತಿಯೆಲ್ಲ ಹಾಕಿ ಹೊಡೆದೆ. ಅತ್ತೆ ಹಂಡೆಯ ಮಗ್ಗುಲಿಗೆ ಬಿದ್ದರು.

ಸತ್ತರೆಂದು ತಿಳಿದೆ. ನಾನೇ ಕೊಂದೆನೆಂದೂ ತಿಳಿದೆ. ಕೂತು ಅವರ ತಲೆಯನ್ನು ತೊಡೆಯ ಮೇಲೆ ತೆಗೆದುಕೊಂಡೆ. ಮುಟ್ಟಿಬಿಟ್ಟೆ. ಎಲ್ಲವನ್ನೂ ಮುಟ್ಟಿಬಿಟ್ಟಿದ್ದೆ.

“ನೀರು,” ಎಂದರು.

“ಅತ್ಯಾ, ನಾ ಹೊರಗಿದ್ದೇನ್ರಿ.”

“ನೀರ ಕೊಡು ಅಂದೆ.”

ಅವರ ಮಡಿನೀರಿನ ಹಂಡೆಯಲ್ಲೇ ಚೊಂಬು ಮುಳುಗಿಸಿ ಕೊಟ್ಟೆ. ಕುಡಿದರು. ತಲೆ ಎತ್ತಿ ನೋಡಿದರೆ ಹಿತ್ತಲ ಮೆಟ್ಟಿಲ ಮೇಲೆ ಮೇಲಿನ ಮನೆಯ ಕಾಕು. ಕೋಲು ಇನ್ನೂ ನನ್ನ ಮಗ್ಗುಲಲ್ಲೇ ಬಿದ್ದಿತ್ತು. “ಅಗಂ ಬಾಯೀ! ಸಾಸೂಲಾ ಮಾರಲಂ!” ಎಂದು ಬಾಯಿಯ ಮೇಲೆ ಕೈಯಿಟ್ಟುಕೊಂಡು ಹತ್ತಿ ಹೋದರು. ಅತ್ತೆಗೆ ಹೊಡೆದಳು. ಅವರು ಕಂಡದ್ದೂ ಅದೇ ತಾನೆ.

ಕಾಕುವಿನ ಮಗ ಹೋಗಿ ಡಾಕ್ಟರನ್ನು ಕರೆತಂದ. ಅಂಗೈ ಸುಟ್ಟಿದೆ, ತೋಳು ಬಾತಿದೆ, ಜೀವಕ್ಕೆ ಭಯವಿಲ್ಲ ಎಂದರಂತೆ. ನಾನು ಅಷ್ಟರಲ್ಲಿ ಚಾಪೆಗೆ ಬಂದು ಕೂತಿದ್ದೆ. ಸಂಜೆ ಬಂದ ಇವರು ನನ್ನ ಹತ್ತಿರ ಏನೂ ಕೇಳಲಿಲ್ಲ. ವಾಡೆಯ ಎಲ್ಲ ಬಿಡಾರಗಳಲ್ಲೂ ಗುಜುಗುಜು. ನನ್ನನ್ನು ತವರಿಗೆ, ಧಾರವಾಡಕ್ಕೆ ಕಳಿಸುತ್ತಾರೆ. ಕಳಿಸಿದರೆ ಅಪ್ಪನಿಗೆ ಏನು ಹೇಳಲಿ? ಕೋಲಿನ ಮಾತು ಮೊದಲೋ, ನೀರಿನ ಮಾತು ಮೊದಲೋ? ಅತ್ತೆ ಎಚ್ಚರದಲ್ಲೇ ಕೇಳಿದರೋ ಇಲ್ಲವೋ ಆ ನೀರು? ಮೈಮೇಲೆ ಖಬರಿಲ್ಲದಾಗ ನಾನು ಅವರ ಇಷ್ಟು ವರ್ಷದ ಮಡಿಯನ್ನು ಕೆಡಿಸಿಬಿಟ್ಟೆನೇ?

ಶನಿವಾರ, ೩೦ ಜುಲೈ

ಕಾಕು ಬಟ್ಟಲಲ್ಲಿ ಶಿರಾ ಹಿಡಿದು ಅತ್ತೆಯನ್ನು ನೋಡಲು ಬಂದರು. ನಾನು ಇಲ್ಲಿಂದ ಎಲ್ಲ ಕೇಳಿದೆ. ಮೊದಲು ಅಯ್ಯೋ ಪಾಪ ಎಂದರು, ಆಮೇಲೆ ಇವರನ್ನು ಕರೆದು, ನಿಮ್ಮ ಹೆಂಡತಿ ಕೋಲು ತೆಗೆದುಕೊಂಡು ಹೊಡೆದದ್ದನ್ನು ಈ ಕಣ್ಣಿನಿಂದ ಕಂಡೆ ಎಂದು ಹೇಳಿಬಿಟ್ಟರು.

ಇವರು ಅಡಿಗೆಮನೆ ದಾಟಿ ಹಿತ್ತಲ ಬಾಗಿಲಿಗೆ ಬಂದರು.

“ಅವ್ವಗ ಹೊಡದಿ ಏನು ನೀ?”

ತಲೆ ಹೌದೆಂದಿತು.

ಒಳಗಿನಿಂದ ಅತ್ತೆಯ ದನಿ ಬಂತು. ಮರಾಠಿಯಲ್ಲಿ ಶುರು ಮಾಡಿದರು, ಆದರೆ ಸಿಟ್ಟು ಬಂದರೆ ಅವರ ಮರಾಠಿ ಅರ್ಧ ದಾರಿಯಲ್ಲೇ ಕನ್ನಡವಾಗುತ್ತದೆ.

“ಹೌದ್ರಿ ಕಾಕು, ಹೊಡದಳು! ಎರಡು ಸಲ ಹೊಡದಳು. ಮೊದಲನೇದು ಹೂವಿನ ಹಾರ ಹಾಕಿಧಂಗ ಹೊಡದಳು, ಅದಕ್ಕ ಬೈಬೇಕು ಅಕಿಗೆ! ಎರಡನೇದು ಬಿದ್ದದ್ದಕ್ಕ ನಿಮ್ಮ ಶಿರಾ ತಿನ್ನಾಕ ಉಳದೇನಿ. ನಿಮ್ಮ ಸೊಸೀ ಕೈಯಾಗೂ ಒಂದು ಕೋಲ ಕೊಟ್ಟು ಇಡ್ರಿ, ಹೊತ್ತಿಗೆ ಆಗ್ತದ. ಪ್ರಲ್ಹಾದಾ, ಅಲ್ಲೇನ ಕೇಳತೀ? ತಮ್ಮನ್ನ ಕರದು ಕೇಳು, ಹೆಂಗ ತಂತಿ ಕಟ್ಟಿದ್ದಿ ಅಂತ.”

ಕಾಕುವಿನ ಚಪ್ಪಲಿಯ ಸಪ್ಪಳ ಮೆಟ್ಟಿಲ ಮೇಲೆ ಕೇಳಿಸಿತು.

ಮೊದಲ ಏಟು ಮೆಲ್ಲಗಿತ್ತೆಂಬುದು ಅವರಿಗೆ ಗೊತ್ತಿದೆ. ಅಂದ ಮೇಲೆ ಖಬರಿತ್ತು. ಅಂದ ಮೇಲೆ ನೀರಿನದೂ ಗೊತ್ತು. ನಾನು ಹೊರಗಿದ್ದದ್ದನ್ನು ಅವರು ಕಾಕುವಿನ ಮುಂದೆಯೂ ಎತ್ತಲಿಲ್ಲ, ಇವರ ಮುಂದೆಯೂ ಎತ್ತಲಿಲ್ಲ. ಯಾಕೆ ಎತ್ತಲಿಲ್ಲ? ಗುಣವಾದ ಮೇಲೆ ಒಂದೇ ಸಲ ಎತ್ತಬೇಕೆಂದಿದ್ದಾರೋ ಏನೋ.

ಮಂಗಳವಾರ, ೨ ಆಗಸ್ಟ್

ಮೊನ್ನೆ ಸ್ನಾನವಾಗಿ ಒಳಗೆ ಬಂದೆ. ನಿನ್ನೆ ಪಂಚಮಿ, ಉಂಡಿ ಕಟ್ಟಲಿಲ್ಲ. ಅಡಿಗೆ ನನ್ನದೇ. ಅತ್ತೆ ನಾನು ಮಾಡಿದ್ದನ್ನು ಉಣ್ಣುತ್ತಿದ್ದಾರೆ, ಉಪ್ಪು ಕಡಿಮೆಯಾಯಿತೆಂದು ಹೇಳುತ್ತಾರೆ, ಉಣ್ಣುತ್ತಾರೆ.

ದಿಗಂಬರ ಸ್ವಿಚ್ಚು ಬಿಚ್ಚಲು ಬಂದ. ಮೇನ್ ಎಳೆದಾಯಿತು ಎಂದ. ನಾನು ಹೋಗಿ ನೋಡಿದೆ, ಎಳೆದಿದ್ದ. ಆದರೂ ಹಿಡಿಕೆಯ ಕೆಳಗೆ ಇವರನ್ನು ನಿಲ್ಲಿಸಿ, ಅವನು ಮುಗಿಯಿತೆನ್ನುವ ತನಕ ಅಲ್ಲಿಂದ ಕದಲಬೇಡಿರಿ ಎಂದೆ. ಇವರು ಪೇಪರು ಓದುತ್ತ ನಿಂತರು. ಪೇಪರು ಕೆಳಗಿಡಿರಿ ಎಂದೆ. ಇಟ್ಟರು.

ಹಿತ್ತಾಳೆಯ ಟೊಪ್ಪಿಗೆ ತೆಗೆದಾಗ ತಂತಿಯ ಒಂದು ಎಳೆ, ಕೂದಲಿನಷ್ಟು ಸಣ್ಣದು, ಹೊರಗೆ ಚಾಚಿಕೊಂಡಿತ್ತು. ಅದೇ ಟೊಪ್ಪಿಗೆಗೆ ತಾಗಿದ್ದು. ಒಳಗೆಲ್ಲ ಹುಣಸೆಹುಳಿಯ ಹಸಿರು ಕಿಲುಬು. ದಿಗಂಬರ ನೋಡುತ್ತ ಕೂತ. ಅವನ ಕಣ್ಣಲ್ಲಿ ನೀರಿತ್ತು.

“ಅಳೂದಾಮ್ಯಾಲೆ. ಮೊದಲ ಪಿಂಗಾಣೀದು ತಾ,” ಎಂದೆ.

ಹಾಸಿಗೆಯಿಂದ ಅತ್ತೆ, “ಪಿಂಗಾಣೀನ ಇರಲಿ,” ಎಂದರು.

“ಅವ್ವಾ, ಒಳಗ ಮೊದಲಿಂದನೂ ಪಿಂಗಾಣೀನ ಇತ್ತು,” ಎಂದುಬಿಟ್ಟ ದಿಗಂಬರ.

“ಗೊತ್ತದ. ತಿಕ್ಕೂವಾಗ ಅಂಚಿನ್ಯಾಗ ಬೆಳ್ಳಗ ಕಾಣತಿತ್ತು. ದೀಪ ಹಾಕಿದ್ದಿ, ಅದಕ್ಕ ಕಾಣಸ್ತು.”

ನೀರಿನ ಹಂಡೆಗಳ ಮೇಲೆ ಬೇಡ, ಹಿತ್ತಲ ಬಾಗಿಲಿನ ಮಗ್ಗುಲು ಗೋಡೆ ಒಣಗಿದೆ, ಅಲ್ಲಿ ಹಾಕು, ನನ್ನ ಭುಜಕ್ಕಿಂತ ಎತ್ತರಕ್ಕೆ ಎಂದು ಹೇಳಿದೆ. ಹಾಗೇ ಹಾಕಿದ. ಹಾಕಿದ ಮೇಲೆ ಮೊದಲು ಯಾರು ಮುಟ್ಟಬೇಕೆಂದು ಎಲ್ಲರೂ ಒಬ್ಬರ ಮುಖ ಒಬ್ಬರು ನೋಡಿದರು. ನಾನು ಕೈ ಒರೆಸಿಕೊಂಡು ಹಾಕಿದೆ. ಆಮೇಲೆ ಹಿತ್ತಲಿಗೆ ಹೋಗಿ ವಾಂತಿ ಮಾಡಿಕೊಂಡೆ. ನನ್ನ ಹೆದರಿಕೆ ಒಂದು ಗುಲಗಂಜಿಯಷ್ಟೂ ಕಡಿಮೆಯಾಗಿಲ್ಲ.

ಶುಕ್ರವಾರ, ೧೯ ಆಗಸ್ಟ್

ಅತ್ತೆ ಮತ್ತೆ ಅಡಿಗೆಗೆ ಕೂಡುತ್ತಿದ್ದಾರೆ. ಬಲಗೈಯ ಎರಡು ಬೆರಳು ಮಡಚುವುದಿಲ್ಲ. ಸ್ವಿಚ್ಚನ್ನು ಮುಟ್ಟುವುದೂ ಇಲ್ಲ. ಬಾಗಿಲ ಹತ್ತಿರ ಹೋಗಬೇಕಾದರೆ ಆ ಕಡೆಯ ಗೋಡೆ ಬಿಟ್ಟು ಈ ಕಡೆಯಿಂದ ಸುತ್ತಿಕೊಂಡು ಹೋಗುತ್ತಾರೆ. ನಸುಕಿನಲ್ಲಿ ನಾನೆದ್ದು ದೀಪ ಹಾಕುತ್ತೇನೆ, ಬೆಳಗಾದ ಮೇಲೆ ಆರಿಸುತ್ತೇನೆ.

ನಿನ್ನೆ ನನಗೆ ನಿದ್ದೆ ಹತ್ತಿಬಿಟ್ಟಿತ್ತು. ಗಡಬಡಿಸಿ ಹೋದರೆ ಅತ್ತೆ ಸ್ನಾನ ಮುಗಿಸಿ, ಒದ್ದೆ ಸೀರೆಯಲ್ಲಿ, ಕತ್ತಲೆಯಲ್ಲಿ ಸುಮ್ಮನೆ ಕೂತಿದ್ದರು. ಎಣ್ಣೆದೀಪವನ್ನೂ ಹಚ್ಚಿರಲಿಲ್ಲ.

“ಎಬ್ಬಸಬಾರದಾಗಿತ್ತೇನ್ರಿ?” ಎಂದೆ. ದನಿ ಜೋರಾಯಿತು.

“ನಿದ್ದಿ ಹತ್ತಿತ್ತಲ್ಲ ನಿನಗ,” ಎಂದರು.

ಮುಂದಿನ ವಾರ ನಾನು ಹೊರಗೆ ಕೂಡಬೇಕು. ಆಗ ಯಾರು ಹಾಕುತ್ತಾರೆ? ದಿಗಂಬರನನ್ನು ಎಬ್ಬಿಸಲು ಅವರಿಗೆ ಮನಸ್ಸಿಲ್ಲ, ತಾವು ಮುಟ್ಟಲು ಧೈರ್ಯವಿಲ್ಲ. ಎಣ್ಣೆದೀಪ, ಸೆರಗು, ಪರೆ ಬಂದ ಕಣ್ಣು. ಇದನ್ನೇ ತಿರುತಿರುಗಿ ಯೋಚಿಸುತ್ತಿದ್ದೇನೆ.

ಶುಕ್ರವಾರ, ೨೬ ಆಗಸ್ಟ್

ನಿನ್ನೆಯಿಂದ ಹೊರಗಿದ್ದೇನೆ. ಚೌತಿ ಬಾಗಿಲಿಗೆ ಬಂದು ನಿಂತಿದೆ. ಬೆಳಿಗ್ಗೆ ದಿಗಂಬರ ದೀಪ ಹಾಕಿ, ಕೆಲಸಕ್ಕೆ ಹೋಗುವಾಗ ಮರೆಯದೆ ಆರಿಸಿ ಹೋದ. ಮಧ್ಯಾಹ್ನ ಮೋಡ ಕವಿದು ಹಗಲೇ ಕತ್ತಲೆಯಾಯಿತು. ಅತ್ತೆ ಉಂಡಿಗೆ ಪಾಕ ಇಟ್ಟಿದ್ದರು. ಬೆಲ್ಲದ ವಾಸನೆ ಬರುತ್ತಿತ್ತು, ಅದರ ಹಿಂದೆ ಸ್ವಲ್ಪ ಹೊತ್ತಿದ ವಾಸನೆಯೂ. ಅತ್ತೆ ಹಿತ್ತಲ ಬಾಗಿಲಿಗೆ ಬಂದರು, ಗೋಡೆಯಿಂದ ದೂರ ನಿಂತರು.

“ಅಕ್ಕೂ.”

“ಯಾಕ್ರಿ ಅತ್ಯಾ.”

“ಪಾಕ ಎಳಿ ಬಂತೋ, ಹೊತ್ತತೋ ಕಾಣವಲ್ಲದು.”

ಏನು ಹೇಳಲಿ ನಾನು?

“ಅಲ್ಲಾ, ಈ ಸ್ವಿಚ್ಚ ಏನು ನಮ್ಮ ಮನೀ ಭಾಂಡೇನ?” ಎಂದರು, ನನ್ನನ್ನಲ್ಲ, ಬಾಗಿಲ ಚೌಕಟ್ಟನ್ನು ಕೇಳಿದ ಹಾಗೆ. “ಕರೆಂಟ ಕಂಪನೀದು, ತಂತಿ ಊರ ಮಂದೀದು. ರಸ್ತೇದಾಗಿನ ಟಪಾಲಿನ ಡಬ್ಬಿಗೆ ಮೈಲಿಗಿ ಅಂತ ಯಾರರೆ ಅಂದಾರೇನು?”

“ಹೊಸಲಾ ದಾಟಬೇಕಾಗ್ತದಲ್ರಿ.”

“ಒಂದ ಕಾಲು ದಾಟು.”

ಎದ್ದೆ. ಕೈಯನ್ನು ಸೆರಗಿಗೆ ಒರೆಸಿದೆ, ಸಾಲದೆಂದು ಕಂಬಳಿಗೂ ಒರೆಸಿದೆ. “ಹಿಂದ ಸರೀರಿ ಅತ್ಯಾ. ಇನ್ನೂ ಸರೀರಿ. ಹಂಡೇದ ಮ್ಯಾಲೆ ಕೈ ಇಡಬ್ಯಾಡ್ರಿ,” ಎಂದೆ. ಅತ್ತೆ ಸರಿದರು. ಒಂದು ಕಾಲು ಒಳಗಿಟ್ಟರೆ ಕೈ ಮುಟ್ಟಲಿಲ್ಲ, ನಾನೇ ಎತ್ತರಕ್ಕೆ ಹಾಕಿಸಿದ್ದು. ಎರಡನೆಯ ಕಾಲನ್ನೂ ಇಟ್ಟೆ. ಇಬ್ಬರೂ ಕೆಳಗೆ ನೋಡಲಿಲ್ಲ. ದೀಪ ಹತ್ತಿತು. ಪಾಕ ಹೊತ್ತಿರಲಿಲ್ಲ, ಆದರೆ ಇನ್ನೊಂದು ಕ್ಷಣ ತಡವಾಗಿದ್ದರೆ ಹೊತ್ತುತ್ತಿತ್ತು. ಅತ್ತೆ ಓಡಿಹೋಗಿ ಇಳಿಸಿದರು.

ಆಗಿನಿಂದ ಕೂತು ಲೆಕ್ಕ ಹಾಕುತ್ತಿದ್ದೇನೆ. ದೊಡ್ಡ ಪಾಪವೋ ಸಣ್ಣದೋ? ನೀರಿನದಕ್ಕೆ ಇದನ್ನೂ ಕೂಡಿಸಬೇಕೋ? ಪುರೋಹಿತರನ್ನು ಕೇಳಿದರೆ ಮೊದಲಿನಿಂದ ಎಲ್ಲವನ್ನೂ ಹೇಳಬೇಕಾಗುತ್ತದೆ. ಅತ್ತೆ ಉಂಡಿ ಕಟ್ಟುವ ಸಪ್ಪಳ ಕೇಳುತ್ತಿದೆ, ಏನೋ ಗುಣುಗುಣಿಸುತ್ತಲೂ ಇದ್ದಾರೆ.

ದಿಗಂಬರ ಬಂದಂತೆ ಕಾಣುತ್ತದೆ, ಸೈಕಲ್ಲು ಗೋಡೆಗೆ ಒರಗಿತು. ಮಳೆಯಲ್ಲಿ ತೊಯ್ದು ಬಂದಿರಬೇಕು. “ಮೋಡ ಸರದು ಬೆಳಕಾಗೇದ, ಇನ್ನೂ ದೀಪಾ ಉರೀಲಿಕ್ಕೆ ಹತ್ತೇದಲ್ಲವಾ?” ಎನ್ನುತ್ತ ಒಳಗೆ ಬಂದ.

“ನೀ ಮುಟ್ಟಬ್ಯಾಡೋ! ಒದ್ದೀ ಕೈ ನಿಂದು. ಅಕ್ಕೂ ಬಂದು ಆರಸ್ತಾಳ.”

“ವೈನಿ ಹೊರಗಿದ್ದಾರಲ್ಲವಾ?”

“ಇದ್ದರ ಏನಾತು?”

ಕರೆಯುತ್ತಿದ್ದಾರೆ. ದಿಗಂಬರನ ಎದುರಿಗೇ ಕರೆಯುತ್ತಿದ್ದಾರೆ. ಅಂಗೈಯೆಲ್ಲ ಬೆವರು. ಮೊದಲು ಕೈ ಒರೆಸಿಕೊಳ್ಳಬೇಕು.